ಹಳೆ ಜೀಪು ರಿಪೇರಿ: ಯಾವುದು ಮೊದಲು, ಯಾವುದು ಆಮೇಲೆ? ಹೊಸಬರಿಗೆ ಸಮಗ್ರ ಮಾರ್ಗದರ್ಶಿ

ಹಳೆ ಜೀಪು ಕೊಂಡು ತಾವೇ ಸರಿ ಮಾಡಲು ಹೊರಟವರಲ್ಲಿ ತುಂಬಾ ಜನ ಒಂದೇ ಕಡೆ ಎಡವುತ್ತಾರೆ. ಮೊದಲು ದೊಡ್ಡ ಟಯರ್ ಬರುತ್ತದೆ. ಆಮೇಲೆ ಲೈಟು, ಆಮೇಲೆ ಪೇಂಟು. ಬ್ರೇಕು, ಸ್ಟೀರಿಂಗು ನೋಡುವ ಹೊತ್ತಿಗೆ ಕೈಯಲ್ಲಿದ್ದ ದುಡ್ಡು ಮುಗಿದಿರುತ್ತದೆ, ಜೂನ್ ತಿಂಗಳೂ ಬಂದಿರುತ್ತದೆ. ಜೀಪು ಶೆಡ್ಡಿನಲ್ಲಿ, ಬಿಚ್ಚಿದ ಸಾಮಾನು ಗೊಬ್ಬರದ ಚೀಲದಲ್ಲಿ. ಮಳೆಗಾಲ ಕಳೆದ ಮೇಲೆ ಯಾವ ಬೋಲ್ಟು ಎಲ್ಲಿಯದು ಅಂತ ನೆನಪಿರುವುದಿಲ್ಲ.

ಇವರಿಗೆ ಕೈಕೆಲಸ ಬರುವುದಿಲ್ಲ ಅಂತಲ್ಲ. ಕೆಲಸದ ಸರದಿ ತಪ್ಪಿರುತ್ತದೆ, ಅಷ್ಟೇ. ಗಾಡಿ ಮೊದಲು ನಿಲ್ಲಬೇಕು, ಆಮೇಲೆ ಹೇಳಿದ ಕಡೆ ತಿರುಗಬೇಕು, ಆಮೇಲೆ ಬಿಸಿಯಾಗದೆ ಓಡಬೇಕು. ಚಂದ ಮಾಡುವುದು ಕೊನೆಗೆ. ಇನ್ನೊಂದು ಮಾತು: ಒಂದು ಸಲಕ್ಕೆ ಒಂದೇ ಭಾಗ ಬಿಚ್ಚಿ. ಅದನ್ನು ಜೋಡಿಸಿ, ಜೀಪು ಓಡಿಸಿ ನೋಡಿದ ಮೇಲೆ ಮುಂದಿನದಕ್ಕೆ ಕೈ ಹಾಕಿ.

ಇಲ್ಲಿ ಹೇಳುತ್ತಿರುವುದು ಎಂಎಂ 540, ಎಂಎಂ 550, ಮೇಜರ್, ಸಿಜೆ ಥರದ ಹಳೆ ಮಹೀಂದ್ರ ಜೀಪುಗಳ ಬಗ್ಗೆ. ಕೊಡಗಿನ ತೋಟಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇವೇ. ಕೆಲಸ ಶುರು ಮಾಡಲು ಒಳ್ಳೆಯ ಕಾಲ ಕಾಫಿ ಕೊಯ್ಲು ಮುಗಿದ ಮೇಲೆ, ಅಂದರೆ ಮಾರ್ಚ್. ಅಲ್ಲಿಂದ ಮೇ ಕೊನೆಯವರೆಗೆ ನಿಮಗೆ ಸಮಯ ಇದೆ. ನಡುವೆ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಂದರೂ ಒಂದೆರಡು ದಿನ ಹೋಗುತ್ತದೆ, ಅಷ್ಟೇ.

ಹಂತ 1: ಸ್ಪ್ಯಾನರ್ ಹಿಡಿಯುವ ಮುಂಚೆ ಆರ್‌ಸಿ ಹಿಡಿಯಿರಿ

ಆರ್‌ಸಿಯಲ್ಲಿರುವ ಚಾಸಿ ನಂಬರು, ಎಂಜಿನ್ ನಂಬರು ಗಾಡಿಯ ಮೇಲಿರುವ ನಂಬರಿಗೆ ಹೊಂದುತ್ತದಾ ನೋಡಿ. ಹಳೆ ಜೀಪುಗಳಲ್ಲಿ ಎಂಜಿನ್ ಬದಲಾಗಿರುವುದು ಮಾಮೂಲು. ಬದಲಾಗಿದ್ದು ಆರ್‌ಸಿಗೆ ಏರಿಲ್ಲದಿದ್ದರೆ ಮುಂದೆ ಎಫ್‌ಸಿ (ಫಿಟ್‌ನೆಸ್ ತಪಾಸಣೆ) ಮಾಡಿಸುವಾಗ ನಿಮ್ಮ ಇಷ್ಟೂ ದುಡಿಮೆ ಅಲ್ಲೇ ನಿಂತುಬಿಡುತ್ತದೆ. ಸ್ವಂತ ಬಳಕೆಯ ಗಾಡಿಗೆ ನೋಂದಣಿ 15 ವರ್ಷ. ಆಮೇಲೆ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಮಡಿಕೇರಿಯ ಆರ್‌ಟಿಒ ಕಚೇರಿಯಲ್ಲಿ ಕೆಎ–12 ಗಾಡಿಯ ದಾಖಲೆ ವಿಚಾರಿಸಿ. ದಾಖಲೆ ಸರಿ ಇದೆ ಅಂತ ಗೊತ್ತಾದ ಮೇಲೆಯೇ ಸಾಮಾನು ತರಲು ಹೋಗಿ.

ನಿಮ್ಮದು ಯಾವ ಎಂಜಿನ್ ಅಂತ ಈಗಲೇ ತಿಳಿದುಕೊಳ್ಳಿ. ಎಂಎಂ 540ರಲ್ಲಿ ಸಾಮಾನ್ಯವಾಗಿ ಸಿಗುವ ಪೂಜೊ ಎಂಜಿನ್ 2,112 ಸಿಸಿ. ಡಿಐ (ಡೈರೆಕ್ಟ್ ಇಂಜೆಕ್ಷನ್) ಎಂಜಿನ್ 2,523 ಸಿಸಿ. ಎರಡರ ಹೆಡ್ ಗ್ಯಾಸ್ಕೆಟ್ಟೂ (ಎಂಜಿನ್ನಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಕೂರುವ ಹಾಳೆ) ಬೇರೆ, ಪಿಸ್ಟನ್ನೂ ಬೇರೆ. ಅಂಗಡಿಯಲ್ಲಿ ‘ಜೀಪಿಂದು ಕೊಡಿ’ ಅಂದರೆ ಯಾವುದೋ ಒಂದು ಸಿಗುತ್ತದೆ. ಎಂಜಿನ್ ನಂಬರು ಬರೆದುಕೊಂಡು, ಹಳೆ ಸಾಮಾನನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡದೆ ದುಡ್ಡು ಕೊಡಬೇಡಿ.

ಹಂತ 2: ಸಾಮಾನು, ಜಾಗ, ಮತ್ತು ಗಾಡಿ ಎತ್ತುವ ರೀತಿ

ಈ ಜೀಪುಗಳಲ್ಲಿ ಇಂಚಿನ ಬೋಲ್ಟೂ ಇರುತ್ತದೆ, ಮಿಲಿಮೀಟರ್ ಬೋಲ್ಟೂ ಇರುತ್ತದೆ. ಹೊಸಬರು ಮೊದಲ ದಿನವೇ ಸೋಲುವುದು ಇಲ್ಲಿ. ಅರ್ಧ ಇಂಚಿನ ಬೋಲ್ಟಿಗೆ 13ರ ಸ್ಪ್ಯಾನರ್ ಕೂರುತ್ತದೆ, ಆದರೆ ಸಡಿಲವಾಗಿ. ತುಕ್ಕು ಹಿಡಿದ ಬೋಲ್ಟಿನ ಮೇಲೆ ಜೋರು ಹಾಕಿದರೆ ಮೂಲೆ ಸವೆದು ಗುಂಡಗಾಗುತ್ತದೆ. ಆಮೇಲೆ ಗ್ಯಾಸ್ ಕಟಿಂಗೇ ಗತಿ. ಹಾಗಾಗಿ ಎರಡೂ ಅಳತೆಯ ರಿಂಗ್ ಸ್ಪ್ಯಾನರ್ ಸೆಟ್ ಬೇಕು. ಜೊತೆಗೆ ಸಾಕೆಟ್ ಸೆಟ್, ಟಾರ್ಕ್ ರೆಂಚ್, ಗ್ರೀಸ್ ಗನ್, ತಂತಿ ಬ್ರಷ್, ಮಲ್ಟಿಮೀಟರ್, ಒಳ್ಳೆಯ ಜಾಕಿ, ನಾಲ್ಕು ಜಾಕ್ ಸ್ಟ್ಯಾಂಡ್. ತುಕ್ಕಿನ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ.

ಸಮತಟ್ಟು ಅಂತ ಕಾಫಿ ಕಣದ ಮೇಲೆ ಕೆಲಸ ಮಾಡಬೇಡಿ. ಕಣಕ್ಕೆ ಡೀಸೆಲ್, ಆಯಿಲ್ ಬಿದ್ದರೆ ಮುಂದಿನ ಕೊಯ್ಲಿನ ಕಾಫಿಗೆ ವಾಸನೆ ಹಿಡಿಯುತ್ತದೆ. ಶೆಡ್ಡಿನ ನೆಲ ಮಣ್ಣಾಗಿದ್ದರೆ ಜಾಕಿ, ಸ್ಟ್ಯಾಂಡಿನ ಕೆಳಗೆ ದಪ್ಪ ಹಲಗೆ ಇಡಿ.

ಈಗ ಹೇಳುವುದನ್ನು ದಯವಿಟ್ಟು ಎರಡು ಸಲ ಓದಿ. ಹಲವು ಹಳೆ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಚಕ್ರಕ್ಕೆ ಹಿಡಿಯುವುದಿಲ್ಲ. ಗೇರ್ ಬಾಕ್ಸಿನ ಹಿಂದೆ, ಚಕ್ರಗಳಿಗೆ ಶಕ್ತಿ ಒಯ್ಯುವ ಶಾಫ್ಟಿಗೆ ಹಿಡಿಯುತ್ತದೆ. ಹಿಂದಿನ ಒಂದು ಚಕ್ರ ಎತ್ತಿದಿರಿ ಅಂದುಕೊಳ್ಳಿ. ಎತ್ತಿದ ಚಕ್ರ ಗಾಳಿಯಲ್ಲಿ ಒಂದು ಕಡೆ ತಿರುಗಿದರೆ ನೆಲದಲ್ಲಿರುವ ಚಕ್ರ ಇನ್ನೊಂದು ಕಡೆ ತಿರುಗುತ್ತದೆ. ಹ್ಯಾಂಡ್ ಬ್ರೇಕ್ ಎಳೆದಿದ್ದರೂ, ಗೇರಿನಲ್ಲಿದ್ದರೂ ಜೀಪು ಜಾಕಿಯಿಂದ ಜಾರಿ ಇಳಿಜಾರಿಗೆ ಹೋಗುತ್ತದೆ. ನಮ್ಮ ಊರುಗಳಲ್ಲಿ ಇಳಿಜಾರಿಲ್ಲದ ಅಂಗಳವೇ ಕಡಿಮೆ ಅಲ್ವಾ? ನೆಲದಲ್ಲಿರುವ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟ ಮೇಲೆಯೇ ಎತ್ತಿ. ಬರೀ ಜಾಕಿಯ ಮೇಲಿರುವ ಗಾಡಿಯ ಕೆಳಗೆ ಒಂದು ನಿಮಿಷಕ್ಕೂ ತಲೆ ಹಾಕಬೇಡಿ.

ಚಕ್ರ ಬಿಚ್ಚುವಾಗ ಇನ್ನೊಂದು ವಿಷಯ. ಕೆಲವು ಹಳೆ ಜೀಪುಗಳಲ್ಲಿ ಎಡಗಡೆ ಚಕ್ರದ ನಟ್ಟುಗಳಿಗೆ ಉಲ್ಟಾ ಥ್ರೆಡ್ ಇರುತ್ತದೆ. ಬಿಚ್ಚುತ್ತಿದ್ದೇವೆ ಅಂದುಕೊಂಡು ಬಿಗಿ ಮಾಡುತ್ತಾ ಹೋಗಿ ಬೋಲ್ಟ್ ಮುರಿಯುವವರು ತುಂಬಾ ಜನ. ಬೋಲ್ಟಿನ ತುದಿಯಲ್ಲಿ ‘ಎಲ್’ ಅಕ್ಷರ ಇದೆಯಾ ಅಂತ ಬ್ರಷ್ ಹಾಕಿ ಉಜ್ಜಿ ನೋಡಿ.

ಹಂತ 3: ಬ್ರೇಕು

ನನ್ನ ಜೀಪಿನ ಬ್ರೇಕ್ ಪೆಡಲ್ ಮೊದಲಿಂದಲೂ ಸ್ವಲ್ಪ ಕೆಳಗೆ ಹೋಗುತ್ತಿತ್ತು. ಎರಡು ಸಲ ಪಂಪ್ ಮಾಡಿದರೆ ಹಿಡಿಯುತ್ತಿತ್ತು. ಅದನ್ನೇ ಅಭ್ಯಾಸ ಮಾಡಿಕೊಂಡೆ. ಒಂದು ಸಂಜೆ ತೋಟದ ಇಳಿಜಾರಿನಲ್ಲಿ ಪೆಡಲ್ ನೇರ ನೆಲಕ್ಕೆ ಹೋಯಿತು. ಪಕ್ಕದ ಬರೆಗೆ (ಮಣ್ಣಿನ ದಿಬ್ಬಕ್ಕೆ) ಒರಗಿಸಿ ನಿಲ್ಲಿಸಿದೆ. ಮಾರನೇ ದಿನ ಹಿಂದಿನ ಡ್ರಮ್ ಬಿಚ್ಚಿ, ಬ್ರೇಕ್ ಶೂಗಳನ್ನು ಡ್ರಮ್ಮಿಗೆ ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಮುಚ್ಚಳವನ್ನು ಉಗುರಿನಿಂದ ಸರಿಸಿದಾಗ ಒಳಗಿಂದ ಕಾಫಿ ಗಸಿಯ ಹಾಗೆ ಕಂದು ನೀರು ಸುರಿಯಿತು. ಸಿಲಿಂಡರಿನ ಒಳಗೋಡೆಯಲ್ಲಿ ಗುಳಿಗಳು ಬೆರಳಿಗೇ ಸಿಗುತ್ತಿದ್ದವು. ಪೆಡಲ್ ಪಂಪ್ ಮಾಡಬೇಕಾಗಿ ಬಂದ ಮೊದಲ ದಿನವೇ ಗಾಡಿ ನಿಲ್ಲಿಸಬೇಕಿತ್ತು.

ಇದು ಒಂದು ಸಿಲಿಂಡರಿನ ಕಥೆ ಅಲ್ಲ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ವರ್ಷದಲ್ಲಿ ನಾಲ್ಕು ತಿಂಗಳು ಹಸಿಯಾಗಿರುವ ಊರಿನಲ್ಲಿ ಬದಲಿಸದೆ ಬಿಟ್ಟ ಬ್ರೇಕ್ ಆಯಿಲ್ ಒಳಗಿಂದಲೇ ತುಕ್ಕು ಹಿಡಿಸುತ್ತದೆ. ಹಳೆಯ ಜೀಪುಗಳಲ್ಲಿ, ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಒಂದೇ ಲೈನಿನದು. ನಾಲ್ಕರಲ್ಲಿ ಒಂದು ಚಕ್ರದ ಹತ್ತಿರ ಸೋರಿದರೂ ನಾಲ್ಕೂ ಬ್ರೇಕ್ ಹೋದ ಹಾಗೆ.

ಸರದಿ ಹೀಗೆ. ನಾಲ್ಕೂ ಡ್ರಮ್ ಬಿಚ್ಚಿ. ಒಂದು ಕಡೆಯ ಶೂ ಬಿಚ್ಚುವ ಮುಂಚೆ ಸ್ಪ್ರಿಂಗ್ ಯಾವ ತೂತಿಗೆ ಸಿಕ್ಕಿದೆ ಅಂತ ಫೋನಿನಲ್ಲಿ ಫೋಟೋ ತೆಗೆಯಿರಿ. ಎಡ, ಬಲ ಎರಡೂ ಕಡೆಯ ಶೂ ಒಟ್ಟಿಗೆ ಬಿಚ್ಚಬೇಡಿ. ಜೋಡಿಸುವಾಗ ನೋಡಿಕೊಳ್ಳಲು ಒಂದು ಹಾಗೇ ಇರಲಿ. ಗುಳಿ ಬಿದ್ದ ವೀಲ್ ಸಿಲಿಂಡರಿಗೆ ಬರೀ ರಬ್ಬರ್ ಕಿಟ್ ಹಾಕುವುದು ದಂಡ. ಸಿಲಿಂಡರೇ ಹೊಸದು ಹಾಕಿ. ಕಬ್ಬಿಣದ ಪೈಪ್ ತುಕ್ಕಾಗಿದ್ದರೆ, ರಬ್ಬರ್ ಹೋಸ್ ಮಡಿಸಿದಾಗ ಬಿರುಕು ಕಂಡರೆ ಅವೂ ಹೊಸವು. ಶೂ ಮೇಲೆ ಗೇರ್ ಆಯಿಲ್ ಇದ್ದರೆ ಮೊದಲು ಆಕ್ಸಲ್ ಆಯಿಲ್ ಸೀಲ್ ಬದಲಿಸಿ, ಆಮೇಲೆ ಹೊಸ ಶೂ. ಎಣ್ಣೆ ಕುಡಿದ ಶೂವನ್ನು ಪೆಟ್ರೋಲಿನಲ್ಲಿ ತೊಳೆದು ಹಾಕುವವರಿದ್ದಾರೆ. ಬಿಸಿಯಾದಾಗ ಎಣ್ಣೆ ಮತ್ತೆ ಹೊರಗೆ ಬರುತ್ತದೆ, ಗಾಡಿ ಒಂದು ಕಡೆ ಎಳೆಯುತ್ತದೆ.

ಎಲ್ಲ ಜೋಡಿಸಿ, ಶೂ ಅಡ್ಜಸ್ಟ್ ಮಾಡಿದ ಮೇಲೆ ಗಾಳಿ ತೆಗೆಯಬೇಕು. ಮಾಸ್ಟರಿನಿಂದ ಅತಿ ದೂರದ ಚಕ್ರದಿಂದ ಶುರು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹಿಂಬದಿಯ ಗಾಳಿ ತೆಗೆಯುವ ನಿಪ್ಪಲ್ ಸಡಿಲಿಸಿ ಮತ್ತೆ ಬಿಗಿ ಮಾಡಬೇಕು, ಆಮೇಲೆಯೇ ಪೆಡಲ್ ಬಿಡಬೇಕು. ಕೆಳಗಿರುವವರು ‘ಬಿಡಿ’ ಅನ್ನುವವರೆಗೆ ಮೇಲಿರುವವರು ಕಾಲು ತೆಗೆಯಬಾರದು. ನಿಪ್ಪಲಿಗೆ ಹಾಕಿದ ಪೈಪಿನಲ್ಲಿ ಗುಳ್ಳೆ ಬರುವುದು ನಿಲ್ಲುವವರೆಗೆ ಮಾಡಿ. ನಡುನಡುವೆ ಮಾಸ್ಟರಿನ ಆಯಿಲ್ ನೋಡುತ್ತಿರಿ. ಖಾಲಿಯಾದರೆ ಮೊದಲಿಂದ ಶುರು ಮಾಡಬೇಕಾಗುತ್ತದೆ.

ಬ್ರೇಕ್ ಆಯಿಲ್ ಸಿಗಲಿಲ್ಲ ಅಂತ ಎಂಜಿನ್ ಆಯಿಲ್ ಹಾಕಬೇಡಿ. ಒಳಗಿನ ರಬ್ಬರೆಲ್ಲ ಊದಿಕೊಂಡು ಬ್ರೇಕ್ ಜಾಮ್ ಆಗುತ್ತದೆ. ಬ್ರೇಕ್ ಆಯಿಲ್ ಗಾಡಿಯ ಪೇಂಟಿನ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ.

ಹಂತ 4: ಸ್ಟೀರಿಂಗು ಮತ್ತು ಪ್ಲೇಟು

ಹಳೆ ಜೀಪು 40–50ರ ವೇಗದಲ್ಲಿ ಒಂದು ಗುಂಡಿ ಹಾರಿದ ಕೂಡಲೇ ಮುಂದಿನ ಚಕ್ರಗಳು ಜೋರಾಗಿ ನಡುಗಿ, ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡ ಹಾಗೆ ಆಗುತ್ತದಾ? ಎಲ್ಲರೂ ಮೊದಲು ಮಾಡುವುದು ವೀಲ್ ಬ್ಯಾಲೆನ್ಸಿಂಗ್, ಇಲ್ಲವೇ ಸ್ಟೀರಿಂಗ್ ಬಾಕ್ಸ್ ಬಿಗಿ ಮಾಡಿಸುವುದು. ಬಾಕ್ಸನ್ನು ಜಾಸ್ತಿ ಬಿಗಿ ಮಾಡಿದರೆ ಒಳಗಿನ ಹಲ್ಲು ಸವೆಯುತ್ತದೆ, ನಡುಕ ಮಾತ್ರ ಹೋಗುವುದಿಲ್ಲ.

ಹುಡುಕುವ ರೀತಿ ಸುಲಭ. ಗಾಡಿ ನೆಲದ ಮೇಲಿರಲಿ, ಎಂಜಿನ್ ಆಫ್ ಇರಲಿ. ಒಬ್ಬರು ಸ್ಟೀರಿಂಗನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಅಲ್ಲಾಡಿಸುತ್ತಿರಲಿ. ನೀವು ಮುಂದೆ ಕೂತು ಒಂದೊಂದು ಜಾಯಿಂಟನ್ನೂ ಬೆರಳಿನಿಂದ ಮುಟ್ಟಿ ನೋಡಿ. ಎಲ್ಲಿ ಸವೆದಿದೆಯೋ ಅಲ್ಲಿ ಬೆರಳಿಗೆ ಟಕ್ ಅಂತ ಗೊತ್ತಾಗುತ್ತದೆ. ಟೈ ರಾಡ್ ಎಂಡುಗಳು (ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಸರಳಿನ ತುದಿಯ ಕೀಲುಗಳು) ಮೊದಲು. ಆಮೇಲೆ ಮುಂದಿನ ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಸಿಕ್ಕರೆ ವೀಲ್ ಬೇರಿಂಗ್ ಅಥವಾ ಕಿಂಗ್ ಪಿನ್ (ಚಕ್ರ ಎಡ ಬಲ ತಿರುಗುವ ಕೀಲು) ಬೇರಿಂಗ್. ಒಬ್ಬರು ಬ್ರೇಕ್ ಒತ್ತಿ ಹಿಡಿದಾಗಲೂ ಆಟ ಉಳಿದರೆ ಅದು ಕಿಂಗ್ ಪಿನ್ನಿನದು. ಈ ಎಲ್ಲ ಆಟ ತೆಗೆದ ಮೇಲೆಯೇ ಅಲೈನ್‌ಮೆಂಟ್.

ಪ್ಲೇಟ್ ಸೆಟ್ಟಿನಲ್ಲಿ (ಅಂದರೆ ಲೀಫ್ ಸ್ಪ್ರಿಂಗಿನಲ್ಲಿ) ಮುರಿದ ಎಲೆ, ಶಾಕಲಿನ (ಪ್ಲೇಟಿನ ತುದಿಯನ್ನು ಚಾಸಿಗೆ ತೂಗಿಸುವ ಕೊಂಡಿ) ಸವೆದ ಬುಷ್, ಸಡಿಲ ಯು ಬೋಲ್ಟ್ ನೋಡಿ. ಗಾಡಿ ಎತ್ತರ ಕಾಣಲಿ ಅಂತ ಉದ್ದ ಶಾಕಲ್ ಹಾಕುವುದು ದೊಡ್ಡ ತಪ್ಪು. ಮುಂದಿನ ಆಕ್ಸಲಿನ ಕೋನ ತಿರುಗಿ, ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವ ಗುಣವೇ ಹೋಗುತ್ತದೆ. ನಡುಕ ಶುರುವಾಗುವುದೂ ಅಲ್ಲಿಂದಲೇ.

ಹಂತ 5: ಎಂಜಿನ್ ಬಿಸಿಯಾಗದ ಹಾಗೆ

ಸಂಪಾಜೆ ಘಾಟಿ ಹತ್ತುವಾಗ ಬಿಸಿಯಾಗುವ ಜೀಪಿಗೆ ಹೊಸ ರೇಡಿಯೇಟರ್ ತರುವ ಮುಂಚೆ ಹಳೆಯದರ ಮುಂಭಾಗ ನೋಡಿ. ಒಣ ಕೆಸರು, ಹುಲ್ಲಿನ ಬೀಜ, ಹುಳು ಕೂತಿರುತ್ತದೆ. ಒಳಗಿನ ಕಡೆಯಿಂದ ಹೊರಕ್ಕೆ ನೀರು ಹೊಡೆದು ತೊಳೆಯಿರಿ. ಫ್ಯಾನ್ ಬೆಲ್ಟ್, ಹೋಸು, ರೇಡಿಯೇಟರ್ ಮುಚ್ಚಳದ ರಬ್ಬರು ಆಮೇಲೆ. ಬರೀ ನೀರಿನ ಬದಲು ಕೂಲೆಂಟ್ ಹಾಕಿ. ಎಂಜಿನ್ ಬಿಸಿ ಇರುವಾಗ ಮುಚ್ಚಳ ತೆಗೆದರೆ ಮುಖಕ್ಕೇ ಹಾರುತ್ತದೆ, ಕಾಯಲೇಬೇಕು.

ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ಕವಾಟ) ತೆಗೆದು ಬಿಸಾಡಿ ಅಂತ ಸಲಹೆ ಕೊಡುವವರು ಸಿಗುತ್ತಾರೆ. ಕೇಳಬೇಡಿ. ಮಡಿಕೇರಿಯ ಚಳಿಯಲ್ಲಿ ಎಂಜಿನ್ ಬೇಕಾದಷ್ಟು ಬಿಸಿಯಾಗದೆ ಹೊಗೆ, ಡೀಸೆಲ್ ಖರ್ಚು, ಸವೆತ ಎಲ್ಲ ಜಾಸ್ತಿಯಾಗುತ್ತದೆ. ಕೆಟ್ಟಿದ್ದರೆ ಹೊಸದು ಹಾಕಿ.

ತಣ್ಣಗಿರುವಾಗ ಮುಚ್ಚಳ ತೆಗೆದು ಎಂಜಿನ್ ಸ್ಟಾರ್ಟ್ ಮಾಡಿದಾಗ ನೀರಿನಲ್ಲಿ ಗುಳ್ಳೆ ನಿಲ್ಲದೆ ಏಳುತ್ತಿದೆಯಾ? ಆಯಿಲ್ ಕಡ್ಡಿಯಲ್ಲಿ ಹಾಲು ಬೆರೆಸಿದ ಕಾಫಿಯ ಬಣ್ಣ ಇದೆಯಾ? ಹಾಗಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸೂಚನೆ. ಇದು ಹೊಸಬರ ಕೆಲಸವಲ್ಲ. ಹೆಡ್ಡನ್ನು ಲೇತಿಗೆ ಕಳಿಸಿ ಸಮ ನೋಡಿಸಬೇಕು, ಒಳ್ಳೆಯ ಮೆಕ್ಯಾನಿಕ್ ಕೈಯಲ್ಲಿ ಮಾಡಿಸಿ.

ಹಂತ 6: ಡೀಸೆಲ್ ಲೈನು ಮತ್ತು ಹೊಗೆ

ಬಹಳ ದಿನ ನಿಂತಿದ್ದ ಜೀಪಿನ ಟ್ಯಾಂಕಿನಲ್ಲಿ ನೀರು, ತುಕ್ಕು ಇದ್ದೇ ಇರುತ್ತದೆ. ಮೊದಲು ಟ್ಯಾಂಕ್ ಇಳಿಸಿ ತೊಳೆಯಿರಿ, ಆಮೇಲೆ ಪೈಪು, ಕೊನೆಗೆ ಫಿಲ್ಟರ್. ಉಲ್ಟಾ ಮಾಡಿದರೆ ಹೊಸ ಫಿಲ್ಟರ್ ವಾರದಲ್ಲಿ ಕಟ್ಟಿಕೊಳ್ಳುತ್ತದೆ. ಟ್ಯಾಂಕಿಗೆ ವೆಲ್ಡಿಂಗ್ ಮಾತ್ರ ನೀವು ಮಾಡಬೇಡಿ. ಖಾಲಿ ಟ್ಯಾಂಕಿನೊಳಗಿನ ಆವಿಗೂ ಬೆಂಕಿ ಹಿಡಿಯುತ್ತದೆ.

ಫಿಲ್ಟರ್ ಬದಲಿಸಿದ ಮೇಲೆ ಗಾಡಿ ಸ್ಟಾರ್ಟ್ ಆಗದಿದ್ದರೆ ಗಾಬರಿ ಬೇಡ, ಲೈನಿನಲ್ಲಿ ಗಾಳಿ ಇದೆ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಕೈ ಪಂಪ್ ಒತ್ತುತ್ತಾ ಗುಳ್ಳೆ ನಿಂತ ಮೇಲೆ ಬಿಗಿ ಮಾಡಿ. ಆಮೇಲೆ ಡೀಸೆಲ್ ಪಂಪಿನ ಸ್ಕ್ರೂನಲ್ಲೂ ಹಾಗೇ. ಸುಮ್ನೆ ಸೆಲ್ಫ್ ಹೊಡೆಯುತ್ತಾ ಕೂತರೆ ಬ್ಯಾಟರಿಯೂ ಇಳಿಯುತ್ತದೆ, ಸೆಲ್ಫ್ ಮೋಟಾರೂ ಸುಡುತ್ತದೆ. ಎಂಜಿನ್ ಓಡುವಾಗ ಇಂಜೆಕ್ಟರ್ ಪೈಪಿನ ಸೋರಿಕೆಯನ್ನು ಕೈಯಿಂದ ಮುಟ್ಟಿ ನೋಡಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮದೊಳಗೇ ನುಗ್ಗುತ್ತದೆ. ಹಾಗಾದರೆ ಗಾಯ ಸಣ್ಣದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್, ಇಂಜೆಕ್ಟರ್ ನೋಡಿಸಿ. ನೀಲಿ ಹೊಗೆ ಆಯಿಲ್ ಸುಡುತ್ತಿರುವುದು. ಬೆಳಗಿನ ಚಳಿಯಲ್ಲಿ ಸ್ವಲ್ಪ ಬಿಳಿ ಹೊಗೆ ಸಹಜ. ಬಿಸಿಯಾದ ಮೇಲೂ ನಿಲ್ಲದೆ, ನೀರೂ ಕಡಿಮೆಯಾಗುತ್ತಿದ್ದರೆ ಮತ್ತೆ ಹೆಡ್ ಗ್ಯಾಸ್ಕೆಟ್ ಕಡೆಗೇ ಬೆರಳು. ಡೀಸೆಲ್ ಪಂಪಿನ ಒಳಗಿನ ಸೆಟ್ಟಿಂಗ್ ನೀವು ಮುಟ್ಟಬೇಡಿ.

ಹಂತ 7: ಗೇರ್ ಆಯಿಲು, ಹೌಸಿಂಗು, ಫೋರ್ ವೀಲು

ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡು ಹೌಸಿಂಗ್ (ಮುಂದಿನ, ಹಿಂದಿನ ಆಕ್ಸಲಿನ ಗೇರುಗಳಿರುವ ಕವಚ), ಎಲ್ಲದರ ಆಯಿಲ್ ಇಳಿಸಿ. ಇಳಿಸುವ ಮುಂಚೆ ತುಂಬುವ ಬೋಲ್ಟ್ ಬಿಚ್ಚಿಕೊಳ್ಳುತ್ತದಾ ನೋಡಿಕೊಳ್ಳಿ. ಆಯಿಲ್ ಎಲ್ಲ ಇಳಿಸಿದ ಮೇಲೆ ಮೇಲಿನ ಬೋಲ್ಟ್ ಬರದೆ ಪೇಚಾಡುವುದು ಬೇಡ.

ಹೊರಬಂದ ಆಯಿಲ್ ಬೆಳ್ಳಗಿದ್ದರೆ ನೀರು ಸೇರಿದೆ. ಬಿಸಿಯಾದ ಹೌಸಿಂಗ್ ಹೊಳೆಯ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಸೀಲಿನ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ. ಹೌಸಿಂಗಿನ ಮೇಲೆ ಸಣ್ಣದೊಂದು ಬ್ರೀದರ್, ಅಂದರೆ ಗಾಳಿ ಆಡುವ ತೂತು, ಇರುತ್ತದೆ. ಅದು ಕೆಸರಿನಿಂದ ಮುಚ್ಚಿದ್ದರೆ ಒಳಗೆ ಒತ್ತಡ ಏರಿ ಆಯಿಲ್ ಸೀಲ್ ದಾಟಿ ಬ್ರೇಕಿಗೆ ಬರುತ್ತದೆ. ಎಷ್ಟೋ ಜನ ಸೀಲ್ ಬದಲಿಸುತ್ತಲೇ ಇರುತ್ತಾರೆ, ಬ್ರೀದರ್ ಮಾತ್ರ ನೋಡಿರುವುದಿಲ್ಲ. ಅದನ್ನು ಬಿಡಿಸಿ ತೊಳೆದು, ರಬ್ಬರ್ ಪೈಪ್ ಹಾಕಿ ಮೇಲಕ್ಕೆ ಎತ್ತಿ ಕಟ್ಟಿ. ಖರ್ಚು ಕಡಿಮೆ, ಉಪಯೋಗ ತುಂಬಾ.

ಶಾಫ್ಟಿನ ಕ್ರಾಸುಗಳಿಗೆ (ತುದಿಯ ಕೀಲುಗಳಿಗೆ) ಗ್ರೀಸ್ ಹೊಡೆಯಿರಿ. ಫೋರ್ ವೀಲ್ ಹಾಕಿ ಒಣ ಡಾಂಬರು ರಸ್ತೆಯಲ್ಲಿ ತಿರುಗಿಸಿ ಪರೀಕ್ಷೆ ಮಾಡಬೇಡಿ, ಗೇರುಗಳು ಬಿಗಿದುಕೊಳ್ಳುತ್ತವೆ. ಮಣ್ಣು ರಸ್ತೆಯಲ್ಲೇ ನೋಡಿ.

ಹಂತ 8: ತುಕ್ಕು

ನಮ್ಮ ಜೀಪುಗಳಿಗೆ ಮಳೆಯೊಂದೇ ಶತ್ರು ಅಲ್ಲ. ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣದ (ಮೈಲುತುತ್ತು, ಸುಣ್ಣ ಬೆರೆಸಿದ್ದು) ಡ್ರಮ್ಮು, ಗೊಬ್ಬರದ ಚೀಲ ಹೊತ್ತ ಜೀಪಿನ ನೆಲ ನೋಡಿ. ಮೈಲುತುತ್ತು ಕಬ್ಬಿಣವನ್ನು ತಿನ್ನುತ್ತದೆ, ಗೊಬ್ಬರದ ಉಪ್ಪು ತೇವ ಎಳೆದು ಹಿಡಿದಿಟ್ಟುಕೊಳ್ಳುತ್ತದೆ. ಹಿಂದಿನ ಸೀಟಿನ ಕೆಳಗೆ, ಮ್ಯಾಟಿನ ಅಡಿಯಲ್ಲಿ, ಬಾಡಿ ಚಾಸಿಗೆ ಕೂರುವ ಕಡೆ, ಪ್ಲೇಟಿನ ಹ್ಯಾಂಗರ್ ಹತ್ತಿರ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಲೋಹ ಠಣ್ ಅನ್ನುತ್ತದೆ. ಕೊಳೆತದ್ದು ಡಬ್ ಅಂತ ಮಂಕಾಗಿ ಕೇಳುತ್ತದೆ. ಅಲ್ಲಿ ಸ್ಕ್ರೂ ಡ್ರೈವರ್ ಚುಚ್ಚಿ ನೋಡಿ.

ಬಾಡಿಯ ತೂತು ಟಿಂಕರಿಂಗ್‌ನವರ ಕೆಲಸ. ಚಾಸಿಯಲ್ಲಿ ಬಿರುಕೋ ತೂತೋ ಕಂಡರೆ ಅನುಭವಿ ವೆಲ್ಡರನ್ನೇ ಹುಡುಕಿ. ವೆಲ್ಡಿಂಗಿಗೆ ಮುಂಚೆ ಬ್ಯಾಟರಿ ವೈರ್ ಬಿಚ್ಚಿ, ಡೀಸೆಲ್ ಟ್ಯಾಂಕ್ ಇಳಿಸಿ. ತುಕ್ಕಿನ ಮೇಲೆ ಪುಟ್ಟಿ ಹಚ್ಚಿ ಪೇಂಟ್ ಹೊಡೆದರೆ ಅದು ಒಂದು ಮಳೆಗಾಲವೂ ನಿಲ್ಲುವುದಿಲ್ಲ. ಕೆರೆದು ಬೆಳ್ಳಗಾದ ಲೋಹಕ್ಕೆ ಅದೇ ದಿನ ಪ್ರೈಮರ್ ಬೀಳಬೇಕು. ರಾತ್ರಿಯ ಮಂಜಿಗೆ ಬಿಟ್ಟರೆ ಬೆಳಿಗ್ಗೆಗೆ ಮತ್ತೆ ಕೆಂಪು.

ಹಂತ 9: ವೈರಿಂಗು

ಇಲ್ಲಿ ಮುಕ್ಕಾಲು ತೊಂದರೆ ಅರ್ಥಿಂಗಿನದು. ಬ್ಯಾಟರಿಯಿಂದ ಚಾಸಿಗೆ, ಚಾಸಿಯಿಂದ ಎಂಜಿನ್ನಿಗೆ ಹೋಗುವ ವೈರ್ ಬಿಚ್ಚಿ, ಜಾಗ ಹೊಳೆಯುವ ಹಾಗೆ ಉಜ್ಜಿ, ಮತ್ತೆ ಬಿಗಿ ಮಾಡಿ ಗ್ರೀಸ್ ಹಚ್ಚಿ. ಶೆಡ್ಡಿನಲ್ಲಿ ನಿಲ್ಲುವ ಗಾಡಿಯಲ್ಲಿ ಇಲಿ ಕಡಿದ ವೈರ್ ಇದೆಯಾ ಹುಡುಕಿ. ಹೆಡ್‌ಲೈಟ್ ಮಂಕಾಗಿದ್ದರೆ ದೊಡ್ಡ ವ್ಯಾಟಿನ ಬಲ್ಬ್ ಬೇಡ. 60/55 ವ್ಯಾಟ್ ಬಲ್ಬನ್ನೇ ಇಟ್ಟು, ಬ್ಯಾಟರಿಯಿಂದ ನೇರ ಕರೆಂಟ್ ಕೊಡುವ ರಿಲೇ ಹಾಕಿ, ಫ್ಯೂಸ್ ಹಾಕಿ. ಬೆಳಕಿನ ವ್ಯತ್ಯಾಸ ನಿಮಗೇ ಕಾಣುತ್ತದೆ.

ಹಂತ 10: ಈಗ ಅಪ್‌ಗ್ರೇಡ್

ಇಷ್ಟಾದ ಮೇಲೆ ದುಡ್ಡು ಉಳಿದಿದ್ದರೆ ನನ್ನ ಸಲಹೆಯ ಸರದಿ ಇದು: ಸೀಟ್ ಬೆಲ್ಟ್, ಹಿಂದೆ ಮುಂದೆ ಚಾಸಿಗೇ ಬೋಲ್ಟ್ ಮಾಡಿದ ಗಟ್ಟಿ ಎಳೆಯುವ ಹುಕ್, ಒಳ್ಳೆಯ ಟೋ ಹಗ್ಗ, ಆಮೇಲೆ ಟಯರ್. ನಾಲ್ಕೂ ಒಂದೇ ಅಳತೆಯದಿರಬೇಕು. ಅಳತೆ ಮೀರಿದ ಟಯರ್ ಹಾಕಿದರೆ ಎಂಜಿನ್ ಎಳೆಯುವುದಿಲ್ಲ, ಬ್ರೇಕ್ ಸಾಲುವುದಿಲ್ಲ, ಸ್ಟೀರಿಂಗ್ ಭಾರವಾಗುತ್ತದೆ. ಕೆಸರಿನಲ್ಲಿ ಸಿಕ್ಕಿದಾಗ ದೊಡ್ಡ ಟಯರಿಗಿಂತ ಗಾಳಿ ಸ್ವಲ್ಪ ಇಳಿಸುವುದು ಹೆಚ್ಚು ಕೆಲಸ ಮಾಡುತ್ತದೆ. ಡಾಂಬರಿಗೆ ಬಂದ ಕೂಡಲೇ ಮತ್ತೆ ತುಂಬಿಸಬೇಕು, ಹಾಗಾಗಿ ಸಣ್ಣ ಗಾಳಿ ಪಂಪ್ ಜೊತೆಗಿರಲಿ.

ಕಾನೂನನ್ನೂ ನೋಡಿಕೊಳ್ಳಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯ ಮೂಲ ವಿವರವನ್ನು ಬೇಕಾದ ಹಾಗೆ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಮುಂದೆ ಕಟ್ಟುವ ಬುಲ್ ಬಾರ್ ವಿರುದ್ಧ ಕ್ರಮ ತೆಗೆದುಕೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಹೇಳಿದೆ. ಎಂಜಿನ್ ಬದಲಿಸುವ ಯೋಚನೆ ಇದ್ದರೆ ಮೊದಲು ಆರ್‌ಟಿಒ ಅನುಮತಿ, ಆಮೇಲೆ ಎಂಜಿನ್.

ಹಂತ 11: ಓಡಿಸಿ ನೋಡುವುದು

ಮೊದಲ ದಿನವೇ ಮಾಂದಲ್‌ಪಟ್ಟಿಗೆ ಹೊರಡಬೇಡಿ. ಊರಿನ ಮೈದಾನದಲ್ಲಿ ಹತ್ತರ ವೇಗದಲ್ಲಿ ಹತ್ತು ಸಲ ಬ್ರೇಕ್ ಹಾಕಿ. ಗಾಡಿ ಒಂದು ಕಡೆ ಎಳೆದರೆ ಮೂರನೇ ಹಂತಕ್ಕೆ ವಾಪಸ್. ಆಮೇಲೆ ಮನೆಯ ಹತ್ತಿರದ ರಸ್ತೆಯಲ್ಲಿ ಐದು ಕಿಲೋಮೀಟರ್ ಹೋಗಿ ನಿಲ್ಲಿಸಿ. ನಾಲ್ಕೂ ಡ್ರಮ್ಮಿನ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಮಾತ್ರ ಜಾಸ್ತಿ ಬಿಸಿ ಇದ್ದರೆ ಅಲ್ಲಿ ಶೂ ಹಿಡಿಯುತ್ತಿದೆ, ಇಲ್ಲವೇ ಬೇರಿಂಗ್ ಬಿಗಿಯಾಗಿದೆ.

ರಾತ್ರಿ ಗಾಡಿ ನಿಲ್ಲಿಸುವ ಕಡೆ ಕೆಳಗೆ ಹಳೆ ರಟ್ಟು ಹಾಸಿಡಿ. ಬೆಳಿಗ್ಗೆ ಹನಿ ಎಲ್ಲಿ ಬಿದ್ದಿದೆ, ಯಾವ ಬಣ್ಣ ಅಂತ ನೋಡಿ. ಕಪ್ಪಾದರೆ ಎಂಜಿನ್ ಆಯಿಲು, ದಪ್ಪಗಿದ್ದು ಗಾಟು ವಾಸನೆ ಬಂದರೆ ಗೇರ್ ಆಯಿಲು, ಹಸಿರೋ ಕೆಂಪೋ ನೀರಾಗಿದ್ದರೆ ಕೂಲೆಂಟು. ಚಕ್ರದ ಒಳಬದಿಯಲ್ಲಿ ತೆಳ್ಳಗಿನ ಹನಿ ಕಂಡರೆ ಬ್ರೇಕ್ ಆಯಿಲು. ಅವತ್ತು ಗಾಡಿ ತೆಗೆಯಬೇಡಿ.

ಮೊದಲ 100 ಕಿಲೋಮೀಟರ್ ಆದ ಮೇಲೆ ಚಕ್ರದ ನಟ್ಟು, ಯು ಬೋಲ್ಟು, ಶಾಫ್ಟಿನ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ. 500ಕ್ಕೆ ಇನ್ನೊಮ್ಮೆ.